ಕುಂಬಳೆಯ ಕಡಲು ಮತ್ತು ಕನ್ನಡದ ವಿದ್ವತ್ತು

ಕುಂಬಳೆ ಎಂದೊಡನೆ ಕನ್ನಡ ವಿದ್ವಾಂಸರ ಬಾಯಲ್ಲಿ ಬರುವ ಮಾತು ಎರಡೇ: ಪಾರ್ತಿಸುಬ್ಬ ಮತ್ತು ಗಡಿ. ಒಂದು ಅಭಿಮಾನದ ಮಾತು, ಮತ್ತೊಂದು ನೋವಿನದು. ಎರಡೂ ಸಹಜವೇ. ಆದರೆ ಇವೆರಡರ ನಡುವೆ ಆ ಊರಿನ ಕಡಲು ಮಾತ್ರ ಮರೆತುಹೋಗಿದೆ.

1514ರ ಸುಮಾರಿಗೆ ಪಶ್ಚಿಮ ಕರಾವಳಿಯನ್ನು ವರ್ಣಿಸಿದ ಪೋರ್ಚುಗೀಸ ದುವಾರ್ತೆ ಬಾರ್ಬೋಸನು ಕುಂಬಳೆಯ ಅಕ್ಕಿ ಮಾಲ್ದೀವಿಗೆ ಹೋಗುತ್ತಿದ್ದುದನ್ನೂ ಅಲ್ಲಿಂದ ತೆಂಗಿನ ನಾರು ಬರುತ್ತಿದ್ದುದನ್ನೂ ದಾಖಲಿಸಿದ್ದಾನೆ. ಅಂದರೆ ಗದ್ದೆಯ ಬದುಕೂ ಬಂದರಿನ ಬದುಕೂ ಒಂದನ್ನೊಂದು ಆಶ್ರಯಿಸಿದ್ದ ಸೀಮೆಯಿದು. ಕುಂಬಳೆ ಅರಸರ ಸೀಮೆಯ ನಾಲ್ಕು ಪ್ರಧಾನ ದೇಗುಲಗಳು ಅಡೂರು, ಮಧೂರು, ಮುಜುಂಗಾವು ಮತ್ತು ಕಣಿಪುರ. ಇವುಗಳಲ್ಲಿ ಕಣಿಪುರದ ಗೋಪಾಲಕೃಷ್ಣನು ಕುಂಬಳೆ ಪೇಟೆಯವನೇ. ಹತ್ತಿರದ ಕೊಯಿಪಾಡಿಯಲ್ಲಿ ಮೊಗವೀರರ ಕಡಲತೀರ. ತೆಂಕಣ ಮೊಗ್ರಾಲು ಮಾಪಿಳ್ಳೆ ಹಾಡುಗಳಿಗೆ ಹೆಸರಾದ ಊರು. ಬಡಗಣ ಆರಿಕ್ಕಾಡಿಯಲ್ಲಿ ಇಕ್ಕೇರಿ ನಾಯಕರ ಕಾಲದ ಕೋಟೆ. ತುಳು, ಮಲಯಾಳ, ಹವ್ಯಕ ಕನ್ನಡ, ಕೊಂಕಣಿ, ಮರಾಟಿಗಳು ಮನೆಮಾತುಗಳಾಗಿದ್ದ ಇಂಥಲ್ಲಿ ಗ್ರಾಂಥಿಕ ಕನ್ನಡವು ಶಾಲೆಯ, ಬರವಣಿಗೆಯ, ತಾಳಮದ್ದಳೆಯ ಭಾಷೆಯಾಗಿ ಬೆಳೆಯಿತು. ಅನೇಕರಿಗೆ ಅದು ಹುಟ್ಟಿನಿಂದ ಬಂದುದಲ್ಲ, ಒಲಿಸಿಕೊಂಡದ್ದು.

ಪಾರ್ತಿಸುಬ್ಬನ ವಿಚಾರವನ್ನೇ ನೋಡಬಹುದು. ಮುಳಿಯ ತಿಮ್ಮಪ್ಪಯ್ಯನವರು ಈ ಕವಿಯನ್ನು ಕನ್ನಡ ವಿದ್ವಲ್ಲೋಕದ ಮುಂದೆ ನಿಲ್ಲಿಸಿದರು. ಶಿವರಾಮ ಕಾರಂತರು ಕರ್ತೃತ್ವವನ್ನೇ ಶಂಕಿಸಿದರು. ಕುಕ್ಕಿಲ ಕೃಷ್ಣ ಭಟ್ಟರು ‘ಪಾರ್ತಿಸುಬ್ಬನ ಯಕ್ಷಗಾನಗಳು’ ಎಂಬ ಸಂಪಾದನೆಯಲ್ಲಿ (1975) ಚರ್ಚೆಯನ್ನು ಬೇರೊಂದು ದಾರಿಗೆ ತಂದರು. ಅವರು ರಾಮಾಯಣ ಪ್ರಸಂಗಗಳನ್ನು ಕೊಟ್ಟಾರಕ್ಕರ ತಂಬುರಾನನ ಮಲಯಾಳ ರಾಮನಾಟ್ಟದೊಡನೆ ಹೋಲಿಸಿದರು. ಈ ಹೋಲಿಕೆಯಿಂದ ಸುಬ್ಬನ ಪ್ರತಿಭೆ ಕುಗ್ಗುತ್ತದೆಂದು ಅಂಜಿದವರುಂಟು. ಅಂಜಿಕೆ ಅನಗತ್ಯ. ಪಂಪನು ವ್ಯಾಸನಿಂದ ಪಡೆದುದನ್ನು ಹೆಮ್ಮೆಯಿಂದ ಹೇಳುವವರು ಸುಬ್ಬನು ನೆರೆಮನೆಯಿಂದ ಪಡೆದಿರಬಹುದಾದುದಕ್ಕೆ ಏಕೆ ಸಂಕೋಚಪಡಬೇಕು? ವಸ್ತುತಃ ಇಲ್ಲಿ ಕೊರತೆಯಿರುವುದು ಕವಿಯಲ್ಲಲ್ಲ, ವಿಮರ್ಶಕರಲ್ಲಿ. ಕುಕ್ಕಿಲರ ಅನಂತರ ಎರಡು ಭಾಷೆಯ ಪಠ್ಯಗಳನ್ನೂ ಎದುರಿಗಿಟ್ಟುಕೊಂಡು ಓದಬಲ್ಲ ಕನ್ನಡ ಸಂಶೋಧಕರು ತೀರ ವಿರಳ.

ಕುಂಬಳೆ ಸುಂದರ ರಾಯರ (1934–2022) ಮನೆಮಾತು ಮಲಯಾಳ. ಅವರ ಅರ್ಥಗಾರಿಕೆಯ ಪ್ರಾಸಬದ್ಧ ಕನ್ನಡಕ್ಕೆ ಮರುಳಾಗದ ಯಕ್ಷಗಾನಪ್ರಿಯರು ಕರಾವಳಿಯಲ್ಲಿ ಕಡಿಮೆ. ಅದೇ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣ, ವಾಲಿಯರಷ್ಟೇ ಬಪ್ಪಬ್ಯಾರಿಯ ಪಾತ್ರದಿಂದಲೂ ಜನಮನದಲ್ಲಿ ಉಳಿದರು. ಮುಸಲ್ಮಾನ ವರ್ತಕನೊಬ್ಬನನ್ನು ರಂಗದ ಮೇಲೆ ಅಷ್ಟು ಗೌರವದಿಂದ ಮಾತಾಡಿಸಲು ಪುರಾಣಪಾಂಡಿತ್ಯವೊಂದೇ ಸಾಲದು. ಅಂಥವರ ಮಾತನ್ನು ಕೇಳಿ ಬೆಳೆದ ಕಿವಿಯೂ ಬೇಕು.

ಮೀನುಗಾರರ ವಿಷಯದಲ್ಲಿ ವಿದ್ವತ್ತಿನ ಔದಾಸೀನ್ಯ ಇನ್ನೂ ಹೆಚ್ಚಿನದು. ಊರೇ ಕೂಡಿ ದಡಕ್ಕೆಳೆಯುವ ರಂಪಣಿ ಬಲೆ, ತಂಡೇಲನ ಅಧಿಕಾರ, ಬೂತಾಯಿ-ಬಂಗುಡೆಗಳ ಪಾಲು ಹಂಚುವ ಕ್ರಮ, ಗಾಳಿಗೂ ನೀರಿನ ಬಣ್ಣಕ್ಕೂ ಇರುವ ಹೆಸರುಗಳು: ಇವೆಲ್ಲ ಒಂದು ನಿಘಂಟಿಗಾಗುವಷ್ಟು ಸಾಮಗ್ರಿ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಕನ್ನಡ ಕರಾವಳಿಯಲ್ಲಿ ರಂಪಣಿ ಮೂಲೆಗೆ ಸರಿಯಿತು. ಬಲೆಯೊಡನೆ ಅದರ ಮಾತೂ ಸರಿಯುತ್ತದೆ. ಪ್ರಸಂಗದ ತಾಳೆಗರಿಯನ್ನು ಹುಡುಕಿ ಮನೆಮನೆಗೆ ನಡೆದ ಪರಂಪರೆಯವರು ದೋಣಿಯ ಬಳಿಗೆ ಮಾತ್ರ ನಡೆಯಲಿಲ್ಲ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರ ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದಿತು. ಅದು ಜಾರಿಗೆ ಬರಲಿಲ್ಲ. ಆ ಅನ್ಯಾಯದ ಅರಿವು ಅಲ್ಲಿನ ಕನ್ನಡಿಗರಲ್ಲಿ ಇರುವುದು ಯುಕ್ತವೇ. ಕನ್ನಡ ಶಾಲೆಗಳ ಉಳಿವಿಗಾಗಿ ಅವರು ನಡೆಸಿದ ಹೋರಾಟವೂ ಯುಕ್ತವೇ. ಆದರೆ ರಾಜಕೀಯದ ಗಡಿ ಪಠ್ಯಕ್ರಮದ ಗಡಿಯೂ ಆಗಬೇಕಾಗಿರಲಿಲ್ಲ. ಕುಂಬಳೆಯ ಹುಡುಗನ ಕಿವಿಗೆ ಮಲಯಾಳ ಬೀದಿಯಲ್ಲೇ ಬೀಳುತ್ತದೆ. ಮೈಸೂರು, ಧಾರವಾಡಗಳಲ್ಲಿ ಯಕ್ಷಗಾನದ ಮೇಲೆ ಪ್ರಬಂಧ ಬರೆಯುವವನಿಗೆ ಆ ಸೌಲಭ್ಯವಿಲ್ಲ. ಅಂಥವನಿಗೆ ಒಂದು ವರ್ಷ ಮಲಯಾಳ ಲಿಪಿಯನ್ನೂ ಓದನ್ನೂ ಕಲಿಸುವುದು ಕನ್ನಡ ವಿಭಾಗಗಳಿಗೆ ಭಾರವಾಗಲಾರದು. ಶಾಸನಗಳ ಲಿಪಿಯನ್ನು ಅವು ಕಲಿಸುತ್ತಲೇ ಬಂದಿವೆಯಲ್ಲ!