ಪ್ರಾರ್ಥನಾ ಜಾಗರಣೆಯಿಂದ ಗರ್ಭಪಾತ ಕಡಿಮೆಯಾಗುತ್ತದೆಯೇ?

ಆಸ್ಪತ್ರೆ ಗೇಟಿನ ಮುಂದೆ ಮೇಣದಬತ್ತಿ, ಕೈಯಲ್ಲಿ ಜಪಮಾಲೆ, ಮಂಡಿಯೂರಿದ ಜನ. ಕೆಳಗೆ ಒಂದು ಸಾಲು: ಪ್ರಾರ್ಥನೆಯಿಂದ ಇಷ್ಟು ಸಾವಿರ ಶಿಶುಗಳು ಉಳಿದವು. ಇಂಥ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಉತ್ತರವೂ ಬರುತ್ತದೆ: ಇವರು ಹೆಂಗಸರನ್ನು ಹೆದರಿಸುವವರು. ಯಾವುದನ್ನು ನಂಬಬೇಕು?

ಮೊದಲು, ಇದು ಎಲ್ಲಿಂದ ಬಂತು ನೋಡೋಣ. ಕ್ಲಿನಿಕ್ ಮುಂದೆ 40 ದಿನ ಹಗಲಿರುಳು ನಿಂತು ಪ್ರಾರ್ಥಿಸುವ 'ಫಾರ್ಟಿ ಡೇಸ್ ಫಾರ್ ಲೈಫ್' 2004ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಶುರುವಾಯಿತು. 'ಉಳಿದ ಶಿಶುಗಳ' ಲೆಕ್ಕ ಕೊಡುವುದು ಸಂಘಟಕರೇ. ಗೇಟಿನಿಂದ ಹಿಂದಿರುಗಿದ ಮಹಿಳೆ ಮನಸ್ಸು ಬದಲಿಸಿರಬಹುದು. ಮರುದಿನ ಬೇರೆ ಕ್ಲಿನಿಕ್ಕಿಗೂ ಹೋಗಿರಬಹುದು. ಗೇಟಿನಲ್ಲಿ ನಿಂತವರಿಗೆ ಅದು ಗೊತ್ತಾಗುವ ದಾರಿಯಿಲ್ಲ. ಹಾಗಂತ ಯಾರೂ ಮನಸ್ಸು ಬದಲಿಸಿಲ್ಲ ಎಂದೂ ಹೇಳಲಾಗದು.

ಎದುರು ವಾದವೂ ಪೂರ್ತಿ ನಿಲ್ಲುವುದಿಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಕ್ಲಿನಿಕ್ ಮುಂದಿನ ಪ್ರತಿಭಟನಾಕಾರರು ಹೆಚ್ಚು ಮೈಮೇಲೆ ಬಂದಷ್ಟೂ ಮಹಿಳೆಯರಿಗೆ ಹೆಚ್ಚು ನೋವಾಗಿತ್ತು. ಆದರೆ ಒಂದು ವಾರದ ನಂತರ, ಗರ್ಭಪಾತದ ಬಗ್ಗೆ ಅವರಿಗಿದ್ದ ಭಾವನೆಯಲ್ಲಿ ಇದರಿಂದ ವ್ಯತ್ಯಾಸ ಕಾಣಲಿಲ್ಲ. ಒಂದು ಮಿತಿ ಇದೆ: ಮಾತಾಡಿಸಿದ್ದು ಕ್ಲಿನಿಕ್ ಒಳಗೆ ಬಂದವರನ್ನು ಮಾತ್ರ. ಇನ್ನು ಕಾನೂನೂ ಒಂದೇ ದಾರಿಯಲ್ಲಿಲ್ಲ. ಇಂಗ್ಲೆಂಡ್‌, ವೇಲ್ಸ್‌ನಲ್ಲಿ 2024ರ ಅಕ್ಟೋಬರ್ 31ರಿಂದ ಕ್ಲಿನಿಕ್ ಸುತ್ತ 150 ಮೀಟರ್ ಒಳಗೆ, ಬಂದವರ ನಿರ್ಧಾರದ ಮೇಲೆ ಪ್ರಭಾವ ಬೀರಲು ಹೋಗುವುದು ಅಪರಾಧ. ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ ಮ್ಯಾಸಚೂಸೆಟ್ಸ್‌ನ 35 ಅಡಿಯ ಗೆರೆಯನ್ನೇ ರದ್ದು ಮಾಡಿತ್ತು.

ಮೇಣದಬತ್ತಿ ಒಂದೇ ಪಕ್ಷದ್ದೂ ಅಲ್ಲ. ಬೆಳಗಾವಿಯ ಸವಿತಾ ಹಾಲಪ್ಪನವರ್ ನೆನಪಿರಬಹುದು. 17 ವಾರಗಳ ಗರ್ಭ ಉಳಿಯುವುದಿಲ್ಲವೆಂದು ತಿಳಿದ ಮೇಲೂ, ಭ್ರೂಣದ ಹೃದಯಬಡಿತ ಇದೆ ಎಂಬ ಕಾರಣಕ್ಕೆ ಐರ್ಲೆಂಡ್‌ನ ಗಾಲ್ವೇ ಆಸ್ಪತ್ರೆ ಅವರು ಕೇಳಿದ ಗರ್ಭಪಾತ ಮಾಡಲಿಲ್ಲ. ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಆಗ ಡಬ್ಲಿನ್‌ನಲ್ಲಿ ಮೇಣದಬತ್ತಿ ಹಿಡಿದವರು ಕಾನೂನು ಬದಲಾಗಲಿ ಎಂದವರು. 2018ರ ಜನಮತದಲ್ಲಿ ಶೇ 66.4 ಮಂದಿ ಬದಲಾವಣೆಗೆ ಒಪ್ಪಿದರು. ಅದಕ್ಕೆ ಜಾಗರಣೆಯೊಂದೇ ಕಾರಣವಲ್ಲ, ಆದರೆ ಸವಿತಾ ಹೆಸರನ್ನು ಮರೆಯದಂತೆ ಇಟ್ಟದ್ದರಲ್ಲಿ ಅದರ ಪಾಲಿದೆ.

ಈಗ ನಮ್ಮ ಕಾಫಿ ಸೀಮೆಗೆ ಬನ್ನಿ. ಚಿಕ್ಕಮಗಳೂರಿಗೆ 1963ರಿಂದ ಸ್ವಂತ ಕ್ಯಾಥೊಲಿಕ್ ಧರ್ಮಪ್ರಾಂತ್ಯವಿದೆ. ತೋಟಗಳ ನಡುವೆ ಚರ್ಚುಗಳಿವೆ. ಗರ್ಭಪಾತ ಕಾಯ್ದೆ ಬಂದ ಆಗಸ್ಟ್ 10ನ್ನು ದೇಶದ ಕ್ಯಾಥೊಲಿಕ್ ಸಂಘಟನೆಗಳು ಶೋಕದ ದಿನವಾಗಿ ನೆನೆಯುತ್ತವೆ. 2022ರಲ್ಲಿ ಅದೇ ದಿನ ದೆಹಲಿಯಲ್ಲಿ ಮೆರವಣಿಗೆಯೂ ನಡೆಯಿತು. ಆದರೆ ಇಲ್ಲಿ ಜಾಗರಣೆಗೆ ನಿಲ್ಲಲು ಗೇಟೇ ಇಲ್ಲ ಎನ್ನಬೇಕು. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯ ಅಂದಾಜಿನಂತೆ, 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವು. ಅದರಲ್ಲಿ ಶೇ 73 ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ.

ಕಳಸದ ಲೈನ್ ಮನೆಯಲ್ಲಿರುವ ಹೆಣ್ಣುಮಗಳು ಬಸ್ ಹತ್ತಿದರೆ ಯಾಕೆ ಹೊರಟಳು ಎಂದು ಕೇಳುವವರು ನಾಲ್ಕು ಜನ. ಹಾಗಾಗಿ ಯಾರಿಂದಲೋ ಗುಟ್ಟಾಗಿ ಮಾತ್ರೆ ತರಿಸುವುದೇ ಸುಲಭ ಅನ್ನಿಸುತ್ತದೆ. ಮಾತ್ರೆಯನ್ನು ವೈದ್ಯರೇ ಕೊಡಬೇಕು, 9 ವಾರದೊಳಗೆ ಎನ್ನುತ್ತದೆ ನಿಯಮ. ಗರ್ಭ ನಾಳದಲ್ಲಿ ನಿಂತಿದ್ದರೆ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದರೆ ಪ್ರಾಣಕ್ಕೇ ಕುತ್ತು. ಮಳೆಗಾಲದ ರಾತ್ರಿ ರಕ್ತಸ್ರಾವ ಹೆಚ್ಚಾದರೆ ಕೊಟ್ಟಿಗೆಹಾರದ ತಿರುವು ದಾಟಿ ಮೂಡಿಗೆರೆ ತಲುಪಬೇಕು.

ನಮ್ಮಲ್ಲಿ ಈ ವಿಡಿಯೋಗಳ ಪರಿಣಾಮ ಗೇಟಿನಲ್ಲಲ್ಲ, ಗ್ರೂಪಿನಲ್ಲಿ ಆಗುತ್ತದೆ ಎನ್ನುವುದು ನಮ್ಮ ಅನಿಸಿಕೆ. ನೂರು ಜನರ ಗ್ರೂಪಿನಲ್ಲಿ ಗರ್ಭಪಾತ ಮಾಡಿಸಿಕೊಂಡವರೂ ಮೌನವಾಗಿ ಇರುತ್ತಾರೆ. 'ಕೊಲೆಗಾರ್ತಿ' ಎಂಬ ಸಾಲು ಓದಿದವರು ರಕ್ತಸ್ರಾವವಾದಾಗ ಅತ್ತಿಗೆಗೂ ಹೇಳಲಾರರು. ಯಾರನ್ನೂ ಜರೆಯದ ಪ್ರಾರ್ಥನೆಗೆ ಈ ತೊಂದರೆ ಇಲ್ಲ. ಮಗುವನ್ನು ಉಳಿಸಿಕೊಳ್ಳಲು ಬಯಸುವವಳಿಗೆ ಅದು ಆಸರೆಯೂ ಆದೀತು.

ಇದರ ಜೊತೆ ಓಡಾಡುವ ಎರಡು ತಪ್ಪು ಮಾತು. ಒಂದು, ಗರ್ಭಪಾತವೆಲ್ಲ ಅಪರಾಧ ಎನ್ನುವುದು. ಅಪರಾಧವಾಗಿರುವುದು ಲಿಂಗಪತ್ತೆ. 1971ರ ಕಾಯ್ದೆಯ ಷರತ್ತುಗಳೊಳಗೆ 20 ವಾರದವರೆಗೆ ಒಬ್ಬ ವೈದ್ಯರ, 2021ರ ತಿದ್ದುಪಡಿಯಂತೆ ಕೆಲವು ವರ್ಗದವರಿಗೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು. ಅವಿವಾಹಿತೆಯರನ್ನು ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಇನ್ನೊಂದು, ಗಂಡನ ಸಹಿ ಬೇಕು ಎನ್ನುವುದು. 18 ತುಂಬಿದವಳಿಗೆ ಅವಳ ಒಪ್ಪಿಗೆಯೇ ಸಾಕು. ಅವಳ ಹೆಸರನ್ನು ಹೊರಗೆ ಬಿಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಜೈಲಾಗಬಹುದು.