ಹುಟ್ಟಿನ ಹಿರಿಮೆಯೋ, ಸಾಧನೆಯ ಹಿರಿಮೆಯೋ? — ‘ಮಯೂರ’ ಚಿತ್ರದ ಪರಾಮರ್ಶೆ

1975ರಲ್ಲಿ ತೆರೆಕಂಡ ‘ಮಯೂರ’ ಚಲನಚಿತ್ರವು ಕದಂಬ ವಂಶದ ಸ್ಥಾಪಕನನ್ನು ಕನ್ನಡಿಗರ ಮನೆಮನೆಗೂ ಪರಿಚಯಿಸಿತು. ದೇವುಡು ಅವರ ಕಾದಂಬರಿಯನ್ನು ಆಧರಿಸಿ ವಿಜಯ್ ನಿರ್ದೇಶಿಸಿದ ಈ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಅವರ ಅಭಿನಯ ಸರ್ವಮಾನ್ಯ. ಆಕ್ಷೇಪವಿರುವುದು ಅಭಿನಯದ ಬಗೆಗಲ್ಲ, ಚಿತ್ರವು ನಾಯಕನಿಗೆ ತೊಡಿಸಿದ ಕುಲದ ಬಗೆಗೆ.

ಚಿತ್ರದ ಮಯೂರನು ಬ್ರಾಹ್ಮಣನಾಗಿ ಬೆಳೆದು, ತಾನು ಕ್ಷತ್ರಿಯ ರಾಜಪುತ್ರನೆಂದು ಅನಂತರ ತಿಳಿಯುತ್ತಾನೆ. ಪಿತ್ರಾರ್ಜಿತ ರಾಜ್ಯಕ್ಕಾಗಿ ಪಲ್ಲವರೊಡನೆ ಹೋರಾಡುತ್ತಾನೆ. ಕವಿ ಕುಬ್ಜನು ಐದನೆಯ ಶತಮಾನದಲ್ಲಿ ರಚಿಸಿದ ತಾಳಗುಂದದ ಸ್ತಂಭಶಾಸನ ಹೇಳುವುದೇ ಬೇರೆ. ಅದರ ಪ್ರಕಾರ ಮಯೂರಶರ್ಮನು ವೇದಾಧ್ಯಯನಕ್ಕಾಗಿ ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಬ್ರಾಹ್ಮಣ. ಅಲ್ಲಿ ಪಲ್ಲವ ಅಶ್ವಾರೋಹಿಯೊಡನೆ ಕಲಹವಾಗಿ, ಶಸ್ತ್ರ ಹಿಡಿದು, ಶ್ರೀಪರ್ವತದ ಅರಣ್ಯದಲ್ಲಿ ನೆಲೆನಿಂತು, ಕೊನೆಗೆ ಪಲ್ಲವರಿಂದಲೇ ಮನ್ನಣೆ ಪಡೆದ. ಅವನಿಗೆ ರಾಜ್ಯವು ಪಿತ್ರಾರ್ಜಿತವಲ್ಲ, ಸ್ವಯಾರ್ಜಿತ.

ಕಥೆಗಾರನಿಗೆ ಕಲ್ಪನೆಯ ಸ್ವಾತಂತ್ರ್ಯವಿಲ್ಲವೇ ಎಂದು ಕೇಳುವವರುಂಟು. ಶಾಸನವು ಮೌನವಾಗಿರುವಲ್ಲಿ ಅದು ಖಂಡಿತ ಉಂಟು. ಆದರೆ ಇಲ್ಲಿ ಬದಲಾದುದು ಅಲಂಕಾರವಲ್ಲ, ಮೂಲ ನಮೂದೇ. ಆಳಲು ಅರಸನ ರಕ್ತವೇ ಬೇಕೆಂಬ ಬೋಧೆ ಪ್ರೇಕ್ಷಕನ ಮನಸ್ಸಿಗೆ ಅರಿಯದಂತೆ ಇಳಿಯುತ್ತದೆ. ಮನುಷ್ಯಕುಲ ಮೂಲತಃ ಒಂದೇ, ಭೇದಗಳು ವೃತ್ತಿಯಿಂದ ಬಂದವು ಎಂದು ಆದಿಪುರಾಣದಲ್ಲಿ ಪ್ರತಿಪಾದಿಸಿದ ಜಿನಸೇನಾಚಾರ್ಯರ ಪರಂಪರೆಗೆ ಈ ಬೋಧೆ ಒಪ್ಪುವಂಥದಲ್ಲ.

ಚಿತ್ರದಲ್ಲಿ ಜೈನರಿಗೆ ಸ್ಥಾನವಿಲ್ಲವೆಂಬ ಮತ್ತೊಂದು ದೂರನ್ನು ಮಾತ್ರ ಒಪ್ಪಲಾಗದು. ಕದಂಬರ ಪ್ರಸಿದ್ಧ ಜೈನ ದತ್ತಿಗಳು ಮಯೂರಶರ್ಮನ ಕಾಲದವಲ್ಲ, ಅವನ ನಂತರದ ಪೀಳಿಗೆಗಳವು. ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಭೂಮಿಯನ್ನಿತ್ತನು. ಮೃಗೇಶವರ್ಮನು ಹಲಸಿಯಲ್ಲಿ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ ದಾನವಿತ್ತನು. ದೇವಗಿರಿಯ ತಾಮ್ರಪಟದಲ್ಲಿ ಶ್ವೇತಪಟ, ನಿರ್ಗ್ರಂಥ ಸಂಘಗಳೆರಡಕ್ಕೂ ಪಾಲು ಹಂಚಿದನು. ಕಾಲವಲ್ಲದ ಕಾಲಕ್ಕೆ ಬಸದಿಯನ್ನೊಯ್ದು ನಿಲ್ಲಿಸೆಂದು ಕೇಳುವುದೂ ಚರಿತ್ರೆಯನ್ನು ತಿದ್ದುವುದೇ. ಸತ್ಯಾಣುವ್ರತಿಗೆ ಬೇಕಾದುದು ಪಾಲಲ್ಲ, ಸತ್ಯ.

ಈ ಮಾತು ಚಿತ್ರರಂಗಕ್ಕೆ ಮಾತ್ರ ಸಲ್ಲುವುದಲ್ಲ. ಬಸದಿಯ ಆಡಳಿತ ಮಂಡಳಿಗೆ ಸದಸ್ಯನನ್ನು ಆರಿಸುವಾಗ ಶೀಲ, ಸ್ವಾಧ್ಯಾಯ, ಲೆಕ್ಕದ ಶುದ್ಧಿಗಳನ್ನು ಬಿಟ್ಟು ಯಾವ ಮನೆತನದವನೆಂದು ಮೊದಲು ಕೇಳುವ ಸಮಾಜಕ್ಕೆ ‘ಮಯೂರ’ವನ್ನು ಆಕ್ಷೇಪಿಸುವ ಅಧಿಕಾರವೆಲ್ಲಿಯದು? ಪಾಠಶಾಲೆಯ ಮಕ್ಕಳಿಗೆ ಚಿತ್ರವನ್ನು ಅವಶ್ಯ ತೋರಿಸಲಿ. ಅದರೊಡನೆ ತಾಳಗುಂದ, ಹಲಸಿ, ದೇವಗಿರಿಯ ಶಾಸನಗಳ ಅರ್ಥವನ್ನೂ ಓದಿಸಲಿ. ಟ್ರಸ್ಟುಗಳಿಗೆ ಇದರಿಂದ ತಗಲುವ ವೆಚ್ಚ ಅತ್ಯಲ್ಪ. ಹುಟ್ಟನ್ನು ಕೇಳದೆ ನಡತೆಯನ್ನು ಅಳೆಯುವ ಅಭ್ಯಾಸ ಮಕ್ಕಳಿಗೆ ಬಂದರೆ ಅದೇ ಲಾಭ.