ಎದುರಾಳಿಯ ಮರ

ರನ್ನನ ‘ಗದಾಯುದ್ಧ’ದಲ್ಲಿ, ಕುರುಕ್ಷೇತ್ರದ ಕಾಳಗ ಮುಗಿಯುತ್ತ ಬಂದಾಗ, ಸಂಜಯನೊಡನೆ ಹೆಣಗಳ ನಡುವೆ ಹಾದಿ ಹುಡುಕುತ್ತ ನಡೆಯುವ ದುರ್ಯೋಧನನು ದ್ರೋಣ, ದುಶ್ಶಾಸನ, ಕರ್ಣ ಇವರ ಕಳೇಬರಗಳ ಮುಂದೆ ಕರಗಿ ನಿಂತಂತೆಯೇ ಹಗೆಯ ಮಗನಾದ ಅಭಿಮನ್ಯುವಿನ ಕಳೇಬರದ ಮುಂದೆಯೂ ನಿಂತು, ಕೈಮುಗಿದು, ಆ ಬಾಲಕನ ಸಾಹಸದ ಒಂದಂಶವಾದರೂ ತನ್ನ ಸಾವಿಗೆ ಒದಗಲೆಂದು ಹಾರೈಸುವನಷ್ಟೆ. ಆ ಹಾರೈಕೆಯಿಂದ ಅವನ ಹಗೆ ಎಳ್ಳಷ್ಟೂ ಕುಂದಲಿಲ್ಲ. ಶರಶಯ್ಯೆಯ ಮೇಲಿದ್ದ ಭೀಷ್ಮರು ಸಂಧಿಯ ಮಾತನ್ನೆತ್ತಿದಾಗ ಅದನ್ನವನು ಸುತರಾಂ ಒಪ್ಪಲಿಲ್ಲ. ಹಗೆ ಹಗೆಯಾಗಿಯೇ ಉಳಿದಿರುವಾಗ ಹುಟ್ಟುವ ಈ ಗೌರವವನ್ನು ಏನೆಂದು ಕರೆಯಬೇಕೆಂಬುದು ಬಹುಕಾಲದಿಂದ ನನ್ನನ್ನು ಕಾಡಿದ ಪ್ರಶ್ನೆ. ಅದಕ್ಕೆ ಉತ್ತರದ ಸುಳಿವು ದೊರೆತದ್ದು, ಹೇಳಿಕೊಳ್ಳಲು ತುಸು ಸಂಕೋಚವಾದರೂ ದಿಟ, ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ.

ಅದು ನಾವು ಫುಟ್‌ಬಾಲೆನ್ನುವ ಆಟವಲ್ಲ. ಅಂಡಾಕೃತಿಯ ಚೆಂಡನ್ನು ಎದೆಗವಚಿಕೊಂಡು ಓಡುವವನನ್ನು ಶಿರಸ್ತ್ರಾಣ ಧರಿಸಿದ ಮಲ್ಲರು ಡಿಕ್ಕಿಹೊಡೆದು ಕೆಡಹುವ ಆ ಆಟದಲ್ಲಿ ಪಾದಕ್ಕೆ ದೊರೆಯುವ ಕೆಲಸ ಬಹು ಸ್ವಲ್ಪ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು ಪಕ್ಷಕ್ಕೆ ಇಪ್ಪತ್ತೈದು ಮಂದಿಯಂತೆ ನಿಂತು ಆಡಿದಂದಿನಿಂದ ಅದರ ಇತಿಹಾಸವನ್ನು ಎಣಿಸುವುದು ವಾಡಿಕೆ. ಇಂದು ಟಸ್ಕಲೂಸಾ ಪಟ್ಟಣದ ಅಲಬಾಮಾ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷ ಜನ ಕುಳಿತು ಆಟ ನೋಡಬಹುದು. ಆ ಪಟ್ಟಣದ ಒಟ್ಟು ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಂದ ಸುಮಾರು 250 ಕಿಲೋಮೀಟರು ದೂರದಲ್ಲಿ, ಅದೇ ರಾಜ್ಯದ ಪೂರ್ವದಂಚಿನಲ್ಲಿ, ಆಬರ್ನ್ ವಿಶ್ವವಿದ್ಯಾನಿಲಯವಿದೆ. ವೃತ್ತಿಪರರ ರಾಷ್ಟ್ರೀಯ ಲೀಗಿನ ತಂಡವೊಂದೂ ಇಲ್ಲದ ಆ ರಾಜ್ಯದಲ್ಲಿ ಜನರ ಅಭಿಮಾನವೆಲ್ಲ ಈ ಎರಡು ಪಾತ್ರೆಗಳಲ್ಲೇ ತುಂಬಿ ತುಳುಕುವುದು. ಅಲಬಾಮಾ ಕಡೆಯವರು ‘ರೋಲ್ ಟೈಡ್’ ಎಂದರೆ ಆಬರ್ನ್ ಕಡೆಯವರು ‘ವಾರ್ ಈಗಲ್’ ಎನ್ನುವರು. ಇವು ರಣಘೋಷಗಳೂ ಹೌದು, ಕುಶಲಪ್ರಶ್ನೆಗಳೂ ಹೌದು. ಉನ್ನತ ವ್ಯಾಸಂಗಕ್ಕೆಂದು ಅಲ್ಲಿಗೆ ತೆರಳುವ ನಮ್ಮ ಹುಡುಗರು ‘ನೀನು ಯಾವ ಪಕ್ಷ?’ ಎಂಬ ಪ್ರಶ್ನೆಗೆ ಬೇಗನೆ ಒಂದು ಉತ್ತರವನ್ನು ಹುಡುಕಿಕೊಳ್ಳುವುದು ಮೇಲು. ಗಂಡ ಒಂದು ಪಕ್ಷ, ಹೆಂಡತಿ ಇನ್ನೊಂದು ಪಕ್ಷವಾಗಿರುವ ಮನೆಗಳೂ ಅಲ್ಲಿ ಅಪರೂಪವಲ್ಲ. ಅಂಥವರಿಗಾಗಿಯೇ ಅರ್ಧ ಒಂದು ತಂಡದ ಲಾಂಛನ, ಅರ್ಧ ಇನ್ನೊಂದರದು ಇರುವ, ‘ಒಡೆದ ಮನೆ’ ಎಂಬರ್ಥದ ಬರಹ ಹೊತ್ತ ಫಲಕಗಳು ಕಾರುಗಳಿಗೆ ಹಾಕಿಕೊಳ್ಳಲು ಮಾರಾಟಕ್ಕೆ ದೊರೆಯುತ್ತವೆ. ಒಡೆದ ಮನೆಯೆಂದು ಹಾಸ್ಯಮಾಡಿಕೊಂಡು ಒಂದೇ ಕಾರಿನಲ್ಲಿ ತಿರುಗಾಡುವ ದಂಪತಿಗಳ ದಾಂಪತ್ಯ ಚೆನ್ನಾಗಿಯೇ ಇರಬೇಕೆಂದು ನನ್ನ ಊಹೆ.

ವರ್ಷಕ್ಕೊಮ್ಮೆ ಈ ಎರಡು ತಂಡಗಳು ಎದುರಾಗುವ ಪಂದ್ಯಕ್ಕೆ ‘ಐರನ್ ಬೌಲ್’ ಎಂದು ಹೆಸರು. ಬಹುಕಾಲ ಅದು ನಡೆದ ಬರ್ಮಿಂಗ್‌ಹ್ಯಾಮ್ ನಗರ ಕಬ್ಬಿಣ ಉಕ್ಕುಗಳ ನಗರವಾದುದರಿಂದ ಆ ಹೆಸರು ಬಂತು. 2010ರ ನವೆಂಬರಿನ ಪಂದ್ಯದಲ್ಲಿ ಅಲಬಾಮಾ ತನ್ನ ನೆಲದಲ್ಲಿ, ತನ್ನ ಜನರೆದುರಿನಲ್ಲಿ, 24–0ರಷ್ಟು ಮುಂದಿದ್ದು ಕೊನೆಗೆ 28–27ರಿಂದ ಸೋತಿತು. ಆಬರ್ನ್ ಮುಂದೆ ರಾಷ್ಟ್ರದ ಪ್ರಶಸ್ತಿಯನ್ನೇ ಗೆದ್ದುಕೊಂಡಿತು. ಆಬರ್ನ್ ಪಟ್ಟಣದಲ್ಲಿ, ವಿಶ್ವವಿದ್ಯಾನಿಲಯದ ಹೆಬ್ಬಾಗಿಲ ಬಳಿ, ಟೂಮರ್ಸ್ ಕಾರ್ನರ್ ಎಂಬ ಕೂಡುರಸ್ತೆಯಿದೆ. ಗೆದ್ದ ದಿನ ಅಲ್ಲಿನ ಎರಡು ಓಕ್ ಮರಗಳ ಮೇಲೆ ಶೌಚಕಾಗದದ ಸುರುಳಿಗಳನ್ನೆಸೆದು, ಹಿಮ ಸುರಿದಂತೆ ಅವು ಬಿಳಿದಾಗುವುದನ್ನು ನೋಡಿ ನಲಿಯುವುದು ಅಲ್ಲಿನವರ ಸಂಪ್ರದಾಯ. ಶೌಚಕಾಗದವೆಂದು ನಗಬೇಡಿ, ಭಕ್ತಿಗೆ ಯಾವ ದ್ರವ್ಯವೂ ಸಲ್ಲುತ್ತದೆ. 2011ರ ಜನವರಿಯಲ್ಲಿ ಅಲಬಾಮಾ ತಂಡದ ಅಭಿಮಾನಿಯೊಬ್ಬನು ಬಾನುಲಿಯ ಕ್ರೀಡಾಸಂವಾದಕ್ಕೆ ದೂರವಾಣಿ ಮಾಡಿ, ಆ ಮರಗಳ ಬುಡಕ್ಕೆ ತಾನು ವಿಷವಿಕ್ಕಿರುವುದಾಗಿ ಸಾರಿದನು. ಬಡಾಯಿಯಿರಬೇಕೆಂದುಕೊಂಡವರು ಇರಬಹುದು, ಆದರೆ ಫೆಬ್ರವರಿಯಲ್ಲಿ ಮಣ್ಣನ್ನು ಪರೀಕ್ಷಿಸಿದಾಗ ಉಗ್ರವಾದ ಕಳೆನಾಶಕ ಅದರಲ್ಲಿರುವುದು ಖಚಿತವಾಯಿತು. ಮುಂದೆ ಅವನು ಅಪರಾಧವನ್ನೊಪ್ಪಿಕೊಂಡು ಸೆರೆಮನೆ ಕಂಡನು. ಅವನ ಹೆಸರು ನಮಗಿಲ್ಲಿ ಬೇಡ.

ನನ್ನ ಗಮನವನ್ನು ಸೆಳೆದದ್ದು ಆ ಕೃತ್ಯಕ್ಕಿಂತ ಹೆಚ್ಚಾಗಿ ಅದರ ಬೆನ್ನಲ್ಲೇ ನಡೆದ ಸಂಗತಿ. ಅಲಬಾಮಾದ ಅಭಿಮಾನಿಗಳು, ಎಂದರೆ ಆ ಮರಗಳು ಬಿಳಿದಾದ ಪ್ರತಿಯೊಂದು ಐರನ್ ಬೌಲ್ ಸಂಜೆಯೂ ಹೊಟ್ಟೆಯುರಿಸಿಕೊಂಡು ಮಲಗಿದವರು, ‘ಟೈಡ್ ಫಾರ್ ಟೂಮರ್ಸ್’ ಎಂದು ಒಂದುಗೂಡಿ, ಎದುರಾಳಿಯ ಮರಗಳನ್ನುಳಿಸಲೆಂದು ಹತ್ತಾರು ಸಾವಿರ ಡಾಲರುಗಳನ್ನು ಕೂಡಿಸಿಕೊಟ್ಟರು. ನಮ್ಮವನೊಬ್ಬ ಮಾಡಿದ್ದೆಂದು ಅವರಿಗೆ ನಾಚಿಕೆಯಾದುದು ಸಹಜವೇ. ಆದರೆ ನಾಚಿಕೆ ಮನುಷ್ಯನನ್ನು ತಲೆ ತಗ್ಗಿಸುವಂತೆ ಮಾಡುವುದೇ ಹೊರತು ಕೈಚೀಲ ಬಿಚ್ಚುವಂತೆ ಮಾಡುವುದು ವಿರಳ. ಮರದ ಬೆಲೆಯನ್ನರಿಯದೆ ಹಣ ಹೊರಡದು. ಆ ಬೆಲೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾದರೂ ಯಾರು? ದೂರದ ನ್ಯೂಯಾರ್ಕಿನವನಿಗೆ ಅವು ಎರಡು ಮರಗಳು. ಟಸ್ಕಲೂಸಾದವನಿಗೆ ಮಾತ್ರ, ತಾನು ಸೋತ ಸಂಜೆಗಳೆಲ್ಲ ತೂಗಿಬಿದ್ದ ಕೊಂಬೆಗಳು.

ಇದಾದ ಎರಡೇ ತಿಂಗಳಿಗೆ, 2011ರ ಏಪ್ರಿಲ್ 27ರಂದು, ಭೀಕರವಾದ ಸುಂಟರಗಾಳಿಯೊಂದು ಟಸ್ಕಲೂಸಾವನ್ನು ಸೀಳಿಕೊಂಡು ಬರ್ಮಿಂಗ್‌ಹ್ಯಾಮಿನತ್ತ ಸಾಗಿ, ತನ್ನ ಹಾದಿಯಲ್ಲಿ 60ಕ್ಕೂ ಮಿಕ್ಕಿ ಜನರನ್ನು ಬಲಿತೆಗೆದುಕೊಂಡಿತು. ಆಗ ಆಬರ್ನಿನವರು ಹೆಸರಿಗಾಗಿ ಹೆಚ್ಚು ಹುಡುಕಲಿಲ್ಲ. ತಮಗೆ ನೀಡಲಾಗಿದ್ದ ಉಪಕಾರದ ಹೆಸರನ್ನೇ ತಿರುಗಿಸಿ ‘ಟೂಮರ್ಸ್ ಫಾರ್ ಟಸ್ಕಲೂಸಾ’ ಎಂದಿಟ್ಟು, ನೀರು, ಅನ್ನ, ಬಟ್ಟೆ, ಮರ ಕೊಯ್ಯುವ ಗರಗಸ, ಎಲ್ಲಕ್ಕೂ ಮಿಗಿಲಾಗಿ ದುಡಿಯುವ ಕೈಗಳು ಎಲ್ಲಿ ಬೇಕೋ ಅಲ್ಲಿಗೆ ಮುಟ್ಟುವಂತೆ ವ್ಯವಸ್ಥೆಮಾಡಿದರು. ಹತ್ತಾರು ಸಾವಿರ ಮಂದಿ ಅದರಲ್ಲಿ ಕೂಡಿಕೊಂಡರು. ಮರಗಳು ಮಾತ್ರ ಉಳಿಯಲಿಲ್ಲ. 2013ರಲ್ಲಿ ಅವನ್ನು ಕಡಿಯಬೇಕಾಯಿತು, 2015ರಲ್ಲಿ ಅಲ್ಲಿ ಹೊಸ ಓಕ್‌ಗಳನ್ನು ನೆಟ್ಟರು.

ಇಂತಹ ವೃತ್ತಾಂತಗಳನ್ನು ಕೇಳಿದಾಗ ‘ಎಷ್ಟಾದರೂ ಅದು ಬರಿಯ ಆಟ’ ಎಂದು ತಲೆಯಾಡಿಸುವ ಸಜ್ಜನರು ಎಲ್ಲ ದೇಶಗಳಲ್ಲಿಯೂ ಇರುವರು. ಅವರ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಬರಿಯ ಆಟವೆಂದು ಬಗೆದವನು ಎದುರಾಳಿಯನ್ನು ದ್ವೇಷಿಸುವುದಿಲ್ಲವೆಂಬುದೇನೋ ಸರಿ, ಆದರೆ ಆದರಿಸುವ ಯೋಗ್ಯತೆಯನ್ನೂ ಅವನು ಪಡೆದಿರುವುದಿಲ್ಲ. ಅವನದು ಉದಾಸೀನವು ಔದಾರ್ಯದ ಶಲ್ಯವನ್ನು ಹೊದ್ದು ಬಂದ ಬಗೆ. ಮರಕ್ಕೆ ವಿಷವಿಕ್ಕಿದವನಲ್ಲಿ ಅಭಿಮಾನ ಅತಿಯಾಯಿತೆಂದು ಹಲವರು ಬರೆದರು. ನನಗೆ ತೋರುವಂತೆ ಅವನಲ್ಲಿದ್ದ ಕೊರತೆ ಬೇರೆ: ತನ್ನೆದೆಯಲ್ಲಿ ತನ್ನ ತಂಡಕ್ಕಿರುವಷ್ಟೇ ಜಾಗ ಇನ್ನೊಬ್ಬನೆದೆಯಲ್ಲಿ ಇನ್ನೊಂದಕ್ಕೆ ಇರಬಹುದೆಂಬ ಊಹೆಯೇ ಅವನಿಗೆ ಹೊಳೆದಿರಲಿಲ್ಲ.

ಟೆಕ್ಸಾಸಿನ ನಿದರ್ಶನ ಇದಕ್ಕಿಂತಲೂ ಗಂಭೀರವಾದುದು. ಅಲ್ಲಿ ಎ ಅಂಡ್ ಎಂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾನಿಲಯದೊಡನೆ ನಡೆಯುವ ಪಂದ್ಯಕ್ಕೆ ಮುನ್ನ ಸಾವಿರಾರು ಮರದ ದಿಮ್ಮಿಗಳನ್ನು ತಾವೇ ಕಡಿದು, ಹೊತ್ತು, ಗೋಪುರದಂತೆ ಒಟ್ಟಿ ಸುಡುವ ಪದ್ಧತಿಯನ್ನಿಟ್ಟುಕೊಂಡಿದ್ದರು. ಎದುರಾಳಿಯನ್ನು ಸೋಲಿಸುವ ತಮ್ಮ ಉರಿಯುವ ಹಂಬಲಕ್ಕೆ ಅದು ಸಂಕೇತ. 1999ರ ನವೆಂಬರ್ 18ರ ನಡುರಾತ್ರಿ ಕಳೆದ ಮೇಲೆ, ಇನ್ನೂ ಕಟ್ಟುತ್ತಿದ್ದ ಆ ರಾಶಿ ಕುಸಿದು ಹನ್ನೆರಡು ಮಂದಿ ಸತ್ತರು, ಇಪ್ಪತ್ತೇಳು ಮಂದಿ ಗಾಯಗೊಂಡರು. ಆ ರಾಶಿಯ ಪ್ರತಿಯೊಂದು ದಿಮ್ಮಿಯೂ ಯಾರನ್ನು ಸುಡುವೆವೆಂಬ ಹುರುಪಿನಲ್ಲಿ ಏರಿತ್ತೋ ಆ ಆಸ್ಟಿನ್ನಿನವರು ಆಗ ಏನು ಮಾಡಬೇಕಿತ್ತು? ಅವರಲ್ಲಿಯೂ ಪಂದ್ಯದ ಮುನ್ನ ಎದುರಾಳಿಗೆ ಮಾಟಮಾಡುವ ವಿನೋದದ ಕೂಟವೊಂದಿತ್ತು. ಅದನ್ನು ಕೈಬಿಟ್ಟು ಅದೇ ಜಾಗದಲ್ಲಿ ಮೇಣದ ಬತ್ತಿಗಳನ್ನು ಹಿಡಿದು ಎರಡು ಕಡೆಯವರೂ ಕೂಡಿ ನಿಂತರು. ಎಂಟು ದಿನಗಳ ತರುವಾಯ, ನವೆಂಬರ್ 26ರಂದು, ಎ ಅಂಡ್ ಎಂನ ಕೈಲ್ ಫೀಲ್ಡಿನಲ್ಲಿ ಪಂದ್ಯ ನಡೆಯಿತು. ಮಧ್ಯವಿರಾಮದಲ್ಲಿ ಆಸ್ಟಿನ್ನಿನ ವಾದ್ಯವೃಂದ, ಎಂದಿನ ಜಯಗೀತಗಳನ್ನು ಬದಿಗಿಟ್ಟು, ‘ಅಮೇಜಿಂಗ್ ಗ್ರೇಸ್’ ನುಡಿಸಿ, ಸೈನಿಕರ ಅಂತ್ಯವಿಧಿಯಲ್ಲಿ ಊದುವ ‘ಟ್ಯಾಪ್ಸ್’ ನುಡಿಸಿ, ತಲೆಯ ಮೇಲಿನ ಹ್ಯಾಟುಗಳನ್ನು ತೆಗೆದು ಕೈಯಲ್ಲಿ ಹಿಡಿದು ಮೈದಾನದಿಂದ ಹೊರನಡೆಯಿತು. ಎಣಿಸಲಾರದಷ್ಟು ಸಲ ಒಬ್ಬರನ್ನೊಬ್ಬರು ಕೂಗಿ ಹಂಗಿಸಿದ್ದ ಜನ ಅದು. ಆ ಹೊತ್ತಿಗೆ ಕೂಗುವವರಾರೂ ಇರಲಿಲ್ಲ.

ಎ ಅಂಡ್ ಎಂ ಆ ದಿನ 20–16ರಿಂದ ಗೆದ್ದಿತು. ಆಸ್ಟಿನ್ನಿನವರು ಸೋಲಲೆಂದು ಆಡಿದವರಲ್ಲ. ಗೆಲ್ಲಲೆಂದೇ ಕೊನೆಯ ಕ್ಷಣದವರೆಗೆ ಹೆಣಗಿದರು. ನನ್ನ ಮನಸ್ಸಿಗೆ ಆ ಹ್ಯಾಟುಗಳಷ್ಟೇ ಈ ಹೆಣಗಾಟವೂ ಹಿಡಿಸುವುದು, ಏಕೆಂದರೆ ಶೋಕದಲ್ಲಿರುವ ಎದುರಾಳಿಗೆ ಗೆಲುವನ್ನು ಭಿಕ್ಷೆಯಾಗಿ ನೀಡುವುದು ಅವನನ್ನು ಎದುರಾಳಿಯ ಸ್ಥಾನದಿಂದಲೇ ಕೆಳಗಿಳಿಸಿದಂತೆ.

ಅಯೊವಾದ ವಿಷಯವನ್ನೂ ಹೇಳದಿದ್ದರೆ ತಿಳಿದವರು ಆಕ್ಷೇಪಿಸಿಯಾರು. ಅಯೊವಾ ಸಿಟಿಯ ಕಿನ್ನಿಕ್ ಕ್ರೀಡಾಂಗಣದ ಮಗ್ಗುಲಲ್ಲೇ ಮಕ್ಕಳ ಆಸ್ಪತ್ರೆಯೊಂದಿದೆ. 2017ರಿಂದೀಚೆಗೆ, ಪಂದ್ಯದ ಮೊದಲ ಕಾಲುಭಾಗ ಮುಗಿಯುತ್ತಲೇ ಕ್ರೀಡಾಂಗಣದ ಜನರೆಲ್ಲರೂ, ಪರವೂರಿನ ಅಭಿಮಾನಿಗಳೂ ಆಟಗಾರರೂ ಸೇರಿದಂತೆ, ತಿರುಗಿ ನಿಂತು ಮೇಲಂತಸ್ತಿನ ಗಾಜಿನಾಚೆಯ ಮಕ್ಕಳಿಗೆ ಕೈಬೀಸುವರು. ನೋಡಿದವರ ಕಣ್ಣು ತೇವವಾಗುವುದು. ಆದರೂ ಒಂದು ಮಾತು: ಕಾಯಿಲೆಯ ಮಗು ಯಾರ ಎದುರಾಳಿಯೂ ಅಲ್ಲ, ಅದಕ್ಕೆ ಕೈಬೀಸಲು ಯಾವ ಹಗೆಯನ್ನೂ ದಾಟಬೇಕಾಗಿಲ್ಲ. ಎದುರಾಳಿಗೇ ಹ್ಯಾಟು ತೆಗೆಯುವುದು ಹೆಚ್ಚು ಕಠಿನವಾದ ಕೆಲಸ.

ಹಾಗಾದರೆ ಗೌರವ ಪ್ರಕಟವಾಗಲು ಮರ ಸಾಯಬೇಕೆ, ಗಾಳಿ ಬೀಸಬೇಕೆ, ದಿಮ್ಮಿ ಉರುಳಬೇಕೆ ಎಂದು ಕೇಳಬಹುದು. ಕೇಳತಕ್ಕದ್ದೇ. ಆಪತ್ತಿಲ್ಲದ, ಪಂದ್ಯ ನಡೆಯುವ ಸಾಧಾರಣ ಶನಿವಾರಗಳ ಸೌಜನ್ಯವೇ ಅದರ ಬೇರು. ಲೂಯಿಸಿಯಾನದ ಬ್ಯಾಟನ್ ರೂಜ್‌ನಲ್ಲಿ ಪಂದ್ಯದ ಹಗಲು ಕ್ರೀಡಾಂಗಣದ ಸುತ್ತ ಬಯಲಿನಲ್ಲಿ ಒಲೆಹೂಡಿ ಹಂಡೆಗಟ್ಟಲೆ ಅಡುಗೆ ಮಾಡುವರು. ಅನ್ಯತಂಡದ ಬಣ್ಣವುಟ್ಟು ನಡೆದುಬಂದವನನ್ನು ‘ಟೈಗರ್ ಬೇಟ್, ಟೈಗರ್ ಬೇಟ್’ ಎಂದು, ಅಂದರೆ ಹುಲಿಗಿಟ್ಟ ಎರೆಯೆಂದು, ಗಂಟಲು ಬಿರಿಯೆ ಹಂಗಿಸಿ, ಒಡನೆಯೆ ಕೈಗೊಂದು ತಟ್ಟೆಯಿತ್ತು ಗಂಬೋ ಎಂಬ ಅಡುಗೆಯನ್ನು ಬಡಿಸುವರೆಂದು ಹೋಗಿಬಂದವರೆಲ್ಲ ಬಾಯಿ ಚಪ್ಪರಿಸಿ ಹೇಳುವುದುಂಟು. ರಾತ್ರಿಯೆಲ್ಲ ಕೃಷ್ಣನೂ ಕೌರವನೂ ಆಗಿ ಮಾತಿನ ಮಸೆತದಲ್ಲಿ ಒಬ್ಬರನ್ನೊಬ್ಬರು ಕೆಣಕಿ, ಬೆಳಗಿನ ಜಾವಕ್ಕೆ ಒಂದೇ ಚಾಪೆಯ ಮೇಲೆ ಕಾಫಿ ಕುಡಿಯುವ ತಾಳಮದ್ದಲೆಯ ಅರ್ಥಧಾರಿಗಳನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಲ್ಲ. ನೆಬ್ರಾಸ್ಕಾದ ಲಿಂಕನ್ನಿನಲ್ಲಿ ಪರವೂರಿನ ತಂಡ ಮೈದಾನದಿಂದ ಹೊರಡುವಾಗ, ಗೆದ್ದಿರಲಿ ಸೋತಿರಲಿ, ಊರಿನವರು ಎದ್ದುನಿಂತು ಚಪ್ಪಾಳೆತಟ್ಟುವ ಪದ್ಧತಿಯಿದೆ.

ಈ ಸೌಜನ್ಯಕ್ಕೆ ವಿಧಿಯ ರೂಪವನ್ನೇ ಕೊಟ್ಟವರು ಭೂಸೇನೆ ಮತ್ತು ನೌಕಾಸೇನೆಯ ಅಕಾಡೆಮಿಗಳ ತರುಣರು. 1890ರಲ್ಲಿ ಮೊದಲಾದ ಅವರ ಪಂದ್ಯ ಮುಗಿದ ಮೇಲೆ ಎರಡು ತಂಡಗಳೂ ಕೂಡಿ ಮೊದಲು ಸೋತ ವಿದ್ಯಾಲಯದವರ ಮುಂದೆ ಹೋಗಿ ನಿಲ್ಲುವುವು. ಸೋತವರ ವಿದ್ಯಾಲಯಗೀತ ಮುಗಿಯುವವರೆಗೆ ಗೆದ್ದವರು ಅವರ ಮಗ್ಗುಲಲ್ಲಿ ನೆಟ್ಟಗೆ ನಿಂತಿದ್ದು, ಅನಂತರವೇ ಎಲ್ಲರೂ ಗೆದ್ದವರ ಕಡೆಗೆ ನಡೆಯುವರು. ಆದುದರಿಂದ ಅಲ್ಲಿ ಗೆಲ್ಲಬೇಕೆಂಬ ಹಂಬಲವನ್ನು ನುಡಿಯುವ ಮಾತೇ ‘ಎರಡನೆಯವರಾಗಿ ಹಾಡುವುದು’ ಎಂದಾಗಿದೆ. ಗೆಲುವಿಗೆ ಹೆಸರಿಡುವಾಗಲೂ ಸೋತವನ ಹಾಡಿಗೆ ಮುಂದಿನ ಸ್ಥಳವನ್ನು ಬಿಟ್ಟುಕೊಟ್ಟ ಈ ನುಡಿಗಟ್ಟನ್ನು ಕಟ್ಟಿದವನಾರೋ, ರಸಿಕನಿರಬೇಕು.

ವೈರ ತಣ್ಣಗಾಗಲೆಂದು ಆಟವನ್ನೇ ನಿಲ್ಲಿಸಿದರಾಗದೆ ಎಂಬ ಉಪಾಯವನ್ನೂ ಅಲಬಾಮಾದವರು ಪರೀಕ್ಷಿಸಿ ನೋಡಿರುವರು, ಬುದ್ಧಿಪೂರ್ವಕವಾಗಿ ಅಲ್ಲದಿದ್ದರೂ. 1907ರ ಪಂದ್ಯ 6–6ರ ಸಮದಲ್ಲಿ ಮುಗಿದ ಮೇಲೆ, ಆಟಗಾರರ ದಿನಭತ್ಯೆ ಎಷ್ಟು, ಎಷ್ಟು ಮಂದಿಗೆ, ತೀರ್ಪುಗಾರರು ಎಲ್ಲಿಯವರು ಎಂಬ ಕ್ಷುಲ್ಲಕ ವಿಷಯಗಳಲ್ಲಿ ಮಾತು ಮುರಿದು, ಆಬರ್ನೂ ಅಲಬಾಮಾವೂ ನಲವತ್ತೊಂದು ವರ್ಷ ಪರಸ್ಪರ ಆಡಲೇ ಇಲ್ಲ. ಅಷ್ಟು ವರ್ಷಗಳ ಮೌನದಲ್ಲಿ ಒಂದು ಹಿಡಿ ಸ್ನೇಹವಾದರೂ ಬೆಳೆದ ಕುರುಹಿಲ್ಲ. ಮುಖ ಕಾಣದ ಹಗೆ ಕೊಳೆಯುವುದೇ ವಿನಾ ಮಾಗುವುದಿಲ್ಲ. ಕೊನೆಗೆ ರಾಜ್ಯದ ಶಾಸನಸಭೆಯೇ ಆಡಿರೆಂದು ಒತ್ತಾಯಿಸಬೇಕಾಯಿತು. 1948ರಲ್ಲಿ ಆಟ ಮರಳಿ ಆರಂಭವಾಗುವ ಮುನ್ನ ಎರಡು ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಸಂಘದ ಅಧ್ಯಕ್ಷರು ಬರ್ಮಿಂಗ್‌ಹ್ಯಾಮಿನ ಉದ್ಯಾನವೊಂದಕ್ಕೆ ಬಂದು, ಅಮೆರಿಕದ ಮೂಲನಿವಾಸಿಗಳು ಸಂಧಿಯ ಕಾಲದಲ್ಲಿ ಅನುಸರಿಸುತ್ತಿದ್ದರೆಂಬ ಆಚಾರದಂತೆ, ನೆಲ ಅಗೆದು ಒಂದು ಕೊಡಲಿಯನ್ನು ನಿಜವಾಗಿಯೇ ಹೂಳಿದರು. ಆ ಬಳಿಕ ಪಂದ್ಯ ನಡೆದು ಅಲಬಾಮಾ 55, ಆಬರ್ನ್ ಸೊನ್ನೆ. ಕೊಡಲಿಯನ್ನು ಯಾರೂ ಅಗೆದು ತೆಗೆಯಲಿಲ್ಲ; ಮರುವರ್ಷ ಅದೇ ನಗರಕ್ಕೆ ಎರಡು ತಂಡಗಳೂ ಬಂದವು, ಜನರೂ ಬಂದರು; ಆಬರ್ನ್ 14, ಅಲಬಾಮಾ 13.